ಒಂದೇ ‘ಒಂಟಿ ಚಾಟಿ’, ಮೂರು ವರಸೆ: ತೈಚಿಯಲ್ಲಿ ಅಸಲಿ ಯಾವುದು?

“ಆ ಕೈ ತಪ್ಪು.”

ಶಾಂಘೈನ ಫುಶಿಂಗ್ ಪಾರ್ಕಿನಲ್ಲಿ ಒಬ್ಬ ಅಜ್ಜ ನನಗೆ ಹೇಳಿದ ಮೊದಲ ಮಾತು ಇದು. ಬೆಳಿಗ್ಗೆ ಆರೂವರೆ. ಹದಿನೈದು ಹೆಂಗಸರ ಗುಂಪಿನ ಕೊನೇ ಸಾಲಿನಲ್ಲಿ ನಿಂತು ನಾನು ತೈಚಿ ಕಲಿಯುತ್ತಿದ್ದೆ, ನಿಧಾನವಾಗಿ ಮಾಡುವ ಚೀನೀ ಸಮರಕಲೆ. ಪಕ್ಕದ ಮರದ ಕೆಳಗೆ ಒಬ್ಬರೇ ಅಭ್ಯಾಸ ಮಾಡುತ್ತಿದ್ದ ಅಜ್ಜ ಅದನ್ನು ಅರ್ಧಕ್ಕೇ ಬಿಟ್ಟು ಬಂದು, ನನ್ನ ಎಡಗೈ ಹಿಡಿದು ಎರಡು ಇಂಚು ಕೆಳಗಿಳಿಸಿದರು. ನಮ್ಮ ಗುಂಪು ನಡೆಸುತ್ತಿದ್ದ ಹೆಂಗಸಿಗೆ ಸಿಟ್ಟು ಬಂತು. ಆಮೇಲೆ ಹತ್ತು ನಿಮಿಷ ಜೋರು ಮಾತು. ಆಗ ನನಗೆ ಬರುತ್ತಿದ್ದ ಚೀನೀ ಭಾಷೆ ನೂಡಲ್ಸ್ ತರಿಸಿಕೊಳ್ಳುವಷ್ಟು ಮಾತ್ರ. ಆದರೂ ಎರಡು ಪದ ಮತ್ತೆ ಮತ್ತೆ ಕಿವಿಗೆ ಬಿದ್ದವು. ಝೆನ್, ಜಿಯಾ. ಅಸಲಿ, ನಕಲಿ.

ಆ ಹೆಂಗಸನ್ನು ಎಲ್ಲರೂ ‘ಆಯಿ’ ಅಂತ ಕರೆಯುತ್ತಿದ್ದರು. ಅಲ್ಲಿ ಹಾಗಂದರೆ ಚಿಕ್ಕಮ್ಮ, ಆಂಟಿ. ಹೊನ್ನಾವರದ ಕಡೆಯ ಹವ್ಯಕರ ಮನೆಯಲ್ಲಿ ಬೆಳೆದ ನನಗೆ ಆಯಿ ಅಂದರೆ ಹೆತ್ತ ತಾಯಿ. ಹಾಗಾಗಿ ಆ ಜಗಳದಲ್ಲಿ ನಾನು ಯಾರ ಪಕ್ಷ ಅನ್ನುವುದು ಅವತ್ತೇ ತೀರ್ಮಾನವಾಗಿತ್ತು. ಪಕ್ಷ ಬದಲಾಯಿಸುವುದಕ್ಕೆ ಒಂದು ವರ್ಷ ಹಿಡಿಯಿತು. ಮತ್ತೊಮ್ಮೆ ಬದಲಾಯಿಸುವುದಕ್ಕೆ ಇನ್ನೊಂದು ವರ್ಷ.

ಕಂಪನಿ ಕೆಲಸದ ಮೇಲೆ ನಾಲ್ಕು ವರ್ಷ ಶಾಂಘೈನಲ್ಲಿದ್ದೆ. ಅಷ್ಟರಲ್ಲಿ ಮೂರು ವರಸೆ ಕಲಿತೆ, ಇನ್ನೊಂದೆರಡರ ರುಚಿ ನೋಡಿದೆ. ಚೀನೀಯರು ‘ತಾವೊಲು’ ಅನ್ನುವುದನ್ನು ಇಂಗ್ಲಿಷಿನವರು ಫಾರ್ಮ್ ಅನ್ನುತ್ತಾರೆ. ನಮ್ಮಲ್ಲಿ ಕುಸ್ತಿಗೂ ಸಂಗೀತಕ್ಕೂ ಇರುವ ‘ವರಸೆ’ಯೇ ಇದಕ್ಕೆ ಸರಿಯಾದ ಪದ. ಸರಳೆ ವರಸೆ, ಜಂಟಿ ವರಸೆ ಇದ್ದ ಹಾಗೆ, ಒಂದಾದ ಮೇಲೊಂದು ಬರುವ ಚಲನೆಗಳ ಸರಣಿ. ಇನ್ನೊಂದು ಅನುಕೂಲವೂ ಇದೆ. ನಾವು ನೆಂಟಸ್ತಿಕೆಗೂ ವರಸೆ ಅನ್ನುತ್ತೇವೆ ಅಲ್ವಾ? ತೈಚಿಯ ಅಸಲಿ-ನಕಲಿ ಜಗಳ ಅರ್ಧಕ್ಕರ್ಧ ನಡೆಯುವುದೇ ಯಾರು ಯಾರಿಗೆ ಏನಾಗಬೇಕು ಅನ್ನುವುದರ ಮೇಲೆ.

ಮೂರನ್ನೂ ಹೋಲಿಸಲು ಒಂದೇ ಭಂಗಿ ಇಟ್ಟುಕೊಂಡೆ. ಅದರ ಹೆಸರು ದಾನ್‌ಬಿಯೆನ್, ಅಂದರೆ ಒಂಟಿ ಚಾಟಿ. ಬಲಗೈಯ ಬೆರಳೆಲ್ಲ ಒಟ್ಟು ಮಾಡಿ ಕೊಕ್ಕೆಯ ಹಾಗೆ ಕೆಳಗೆ ಬಿಡಬೇಕು. ಎಡಗಾಲು ಎಡಕ್ಕೆ ಇಟ್ಟು ಎಡ ಅಂಗೈಯನ್ನು ಹೊರಗೆ ಚಾಚಬೇಕು. ತೈಚಿ ಅಂದ ಕೂಡಲೇ ಪೋಸ್ಟರಿನಲ್ಲಿ ಕಾಣುವ ಭಂಗಿ ಇದೇ. ಕಲಿಸಿದ ಎಲ್ಲರಿಗೂ ಎರಡೇ ಪ್ರಶ್ನೆ ಕೇಳಿದೆ. ಈ ಕೈ ಇಲ್ಲಿ ಯಾಕಿದೆ? ನಾನು ಹೀಗೆ ನಿಂತಿರುವಾಗ ನೀವು ತಳ್ಳಿದರೆ ಏನಾಗುತ್ತದೆ?

ಮೊದಲು ಆಯಿಯ ವರಸೆ. 24 ಚಲನೆ ಇರುವುದರಿಂದ ಇದಕ್ಕೆ 24ರ ವರಸೆ ಅನ್ನುತ್ತಾರೆ. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗ ಲಿ ತಿಯೆನ್‌ಜಿ ಮೊದಲಾದ ಪರಿಣತರನ್ನು ಕೂರಿಸಿ ಮಾಡಿಸಿದ್ದು. ತೈಚಿಗೆ ಹೆಸರಾದ ಯಾಂಗ್ ಮನೆತನದ ಉದ್ದನೆಯ ವರಸೆಯಿಂದ ಮುಖ್ಯವಾದ ಚಲನೆಗಳನ್ನು ಆರಿಸಿ, ಪದೇ ಪದೇ ಬರುವುದನ್ನು ಕಡಿಮೆ ಮಾಡಿ, ಸುಲಭವಾದದ್ದನ್ನು ಮೊದಲಿಗೆ ಕಷ್ಟದ್ದನ್ನು ಆಮೇಲೆ ಜೋಡಿಸಿದರು. ಕಾರ್ಖಾನೆಯವರು, ಶಾಲೆಯವರು, ಆಸ್ಪತ್ರೆಯಿಂದ ಮನೆಗೆ ಬಂದವರು, ಎಲ್ಲರೂ ಮಾಡಲಿ ಅನ್ನುವುದು ಉದ್ದೇಶ. ಐದು ನಿಮಿಷದಲ್ಲಿ ಮುಗಿಯುತ್ತದೆ. ಆಯಿ ಒಂದು ಸಣ್ಣ ಸ್ಪೀಕರಿನಲ್ಲಿ ಕೊಳಲಿನ ಹಾಡು ಹಾಕುತ್ತಿದ್ದರು. ಮೂರು ತಿಂಗಳಿಗೆ ನನಗೆ ಪೂರ್ತಿ ಬಾಯಿಪಾಠ, ಅಂದರೆ ಕೈಪಾಠ ಆಯಿತು.

ಇದನ್ನು ನಕಲಿ ಅನ್ನುವವರ ವಾದ ಸರಳ. ಸಮಿತಿ ಕೂತು ಮಾಡಿದ್ದು, ಯಾವ ಗುರುವಿನ ಮೈಯಿಂದಲೂ ಬಂದದ್ದಲ್ಲ, ಹೊಡೆದಾಟದ ಅರ್ಥ ಇಲ್ಲ, ಸುಮ್ನೆ ವ್ಯಾಯಾಮ. ನಾನು ಒಪ್ಪುವುದು ಇದರಲ್ಲಿ ಸ್ವಲ್ಪ ಮಾತ್ರ. ಸಮಿತಿ ಮಾಡಿದ ಒಂದೆರಡು ಕೆಲಸ ನನಗೆ ಇಷ್ಟವೇ. ಹಳೆಯ ಉದ್ದನೆಯ ವರಸೆಯಲ್ಲಿ ‘ಗುಬ್ಬಿಯ ಬಾಲ ಹಿಡಿಯುವುದು’ ಅನ್ನುವ ಚಲನೆ ಬಲಗಡೆಗೇ ಜಾಸ್ತಿ. 24ರಲ್ಲಿ ಎಡಕ್ಕೂ ಬಲಕ್ಕೂ ಒಂದೊಂದು ಸಲ ಬರುತ್ತದೆ. ದಿನವಿಡೀ ಮೌಸ್ ಹಿಡಿದು ಬಲ ಹೆಗಲು ಹಾಳು ಮಾಡಿಕೊಂಡಿದ್ದ ನನಗೆ ಅದು ಬಹಳ ಉಪಕಾರ ಮಾಡಿತು.

ಆಯಿಗೆ ನನ್ನ ಪ್ರಶ್ನೆ ಕೇಳಿದೆ. ಈ ಕೈ ಇಲ್ಲಿ ಯಾಕೆ? “ಇಲ್ಲದಿದ್ದರೆ ಎಲ್ಲಿಡ್ತೀಯ?” ಅಂತ ನಕ್ಕರು. ಎರಡನೇ ಪ್ರಶ್ನೆ ಕೇಳಿದಾಗ ನಗಲಿಲ್ಲ. ಒಂಟಿ ಚಾಟಿಯಲ್ಲಿ ನಿಲ್ಲು ಅಂದರು. ನಿಂತೆ. ತೋರುಬೆರಳೊಂದನ್ನು ನನ್ನ ಎದೆಯ ಮೇಲಿಟ್ಟು ಮೆಲ್ಲಗೆ ಒತ್ತಿದರು. ಅರವತ್ತು ದಾಟಿದ, ನನ್ನ ಭುಜಕ್ಕೆ ಬರುವ ಹೆಂಗಸು. ನಾನು ಎರಡು ಹೆಜ್ಜೆ ಹಿಂದೆ ಹೋದೆ. “ನೀನು ನಿಂತಿಲ್ಲ. ಫೋಟೋಗೆ ನಿಂತಿದ್ದೀಯ” ಅಂದರು. ಆಮೇಲೆ ತಾವು ನಿಂತು ನನಗೆ ತಳ್ಳಲು ಹೇಳಿದರು. ಹಲಸಿನ ಮರ ತಳ್ಳಿದ ಹಾಗಾಯಿತು. ಸಮಿತಿಯ ವರಸೆಯೊಳಗೆ ಇದು ಎಲ್ಲಿಂದ ಬಂತು ಅಂತ ಅವತ್ತು ನನಗೆ ಹೊಳೆಯಲಿಲ್ಲ.

ಅಜ್ಜನ ಕಡೆ ಹೋದದ್ದು ಸ್ವಲ್ಪ ಕದ್ದುಮುಚ್ಚಿ. ಆಯಿಯ ಗುಂಪು ಏಳು ಗಂಟೆಗೆ ಚದುರಿದ ಮೇಲೆ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದೆ. ಅವರದ್ದು ಯಾಂಗ್ ಮನೆತನದ ಉದ್ದನೆಯ ವರಸೆ. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಎಷ್ಟು ಚಲನೆ ಅಂತ ಕೇಳಿದರೆ ಒಬ್ಬರು 85 ಅನ್ನುತ್ತಾರೆ, ಒಬ್ಬರು 103, ಇನ್ನೊಬ್ಬರು 108. ವರಸೆ ಒಂದೇ, ಎಣಿಕೆ ಬೇರೆ. ‘ಮೋಡದ ಕೈ’ ಮೂರು ಸಲ ಮಾಡಿದ್ದನ್ನು ಒಂದು ಅಂತ ಎಣಿಸಬೇಕೋ ಮೂರು ಅಂತಲೋ? ಇದರ ಮೇಲೂ ಜನ ಜಗಳವಾಡುವುದನ್ನು ನೋಡಿದ್ದೇನೆ.

ಈ ವರಸೆಯ ಕುಲಗೋತ್ರ ಗಟ್ಟಿಯಾದದ್ದು. ಹೆಬೈ ಪ್ರಾಂತ್ಯದ ಯೊಂಗ್‌ನಿಯೆನ್ ಕಡೆಯ ಯಾಂಗ್ ಲುಚಾನ್ (1799–1872) ಹೆನಾನಿನ ಚೆನ್ ಮನೆತನದ ಹಳ್ಳಿಗೆ ಹೋಗಿ ಚೆನ್ ಚಾಂಗ್‌ಶಿಂಗ್ ಅವರಿಂದ ಕಲಿತು, ಬೀಜಿಂಗಿಗೆ ಬಂದು ಹೆಸರು ಮಾಡಿದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) 1928ರಲ್ಲಿ ಶಾಂಘೈಗೆ ಬಂದರು. ಇವತ್ತು ಜಗತ್ತು ‘ಸಾಂಪ್ರದಾಯಿಕ ಯಾಂಗ್’ ಅನ್ನುವುದು ಹೆಚ್ಚುಕಮ್ಮಿ ಅವರ ಕೈಯ ವರಸೆಯನ್ನೇ. ಒಂದೇ ವೇಗ, ನೆಗೆತ ಇಲ್ಲ, ಕಾಲಪ್ಪಳಿಸುವುದಿಲ್ಲ, ದೊಡ್ಡ ದುಂಡನೆಯ ಚಲನೆ.

ಅಜ್ಜನ ಹತ್ತಿರ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಅದರೊಳಗೆ ಯಾಂಗ್ ಚೆಂಗ್‌ಫು ಅವರ ಫೋಟೋಗಳ ಜೆರಾಕ್ಸ್. ತಕರಾರು ಬಂದಾಗಲೆಲ್ಲ ತೆಗೆದು ತೋರಿಸುತ್ತಿದ್ದರು, ಜಮೀನಿನ ಪಹಣಿ ತೋರಿಸಿದ ಹಾಗೆ. ನನ್ನ ಎಡಗೈ ಎರಡು ಇಂಚು ಇಳಿದದ್ದೂ ಆ ಫೋಟೋ ಆಧಾರದ ಮೇಲೆಯೇ. ಆದರೆ ಜೆರಾಕ್ಸಿನಲ್ಲಿ ಎರಡು ಕಾಲದ ಫೋಟೋ ಸೇರಿಕೊಂಡಿದ್ದವು. 1925ರ ಒಂದು ಪುಸ್ತಕಕ್ಕೆ ತೆಗೆಸಿದ್ದು ಕೆಲವು, 1934ರ ಪುಸ್ತಕದಲ್ಲಿರುವುದು ಕೆಲವು. ಎರಡನ್ನೂ ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ಮನುಷ್ಯ ಅದೇ. ಭಂಗಿ ಪೂರಾ ಅದೇ ಅಲ್ಲ. ನಡುವೆ ಮೈ ತೂಕ ಏರಿದೆ, ಅದಕ್ಕೆ ತಕ್ಕ ಹಾಗೆ ಕೈಕಾಲೂ ಬದಲಾಗಿವೆ. “ಅಜ್ಜ, ಇವರಲ್ಲಿ ಯಾರು ಅಸಲಿ ಯಾಂಗ್ ಚೆಂಗ್‌ಫು?” ಅಂತ ಕೇಳಿದೆ. ಅಜ್ಜ ಜೆರಾಕ್ಸ್ ಮಡಚಿ ಕವರಿಗೆ ಹಾಕಿದರು. “ಕಾಲು ನೋಡು, ಕೈ ಆಮೇಲೆ” ಅಂದರು.

ಕಾಲಿನ ಕಥೆ ಹೇಳಲೇಬೇಕು. 24ಕ್ಕೂ ಇದಕ್ಕೂ ನನ್ನ ಮೈಗೆ ತಿಳಿದ ದೊಡ್ಡ ವ್ಯತ್ಯಾಸ ಅಲ್ಲಿದೆ. ‘ಮೊಣಕಾಲು ಸವರಿ ಹೆಜ್ಜೆ’ ಅಂತ ಒಂದು ಚಲನೆ. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೋಗುವಾಗ ಮುಂದಿನ ಪಾದವನ್ನು ಹೊರಕ್ಕೆ ತಿರುಗಿಸಬೇಕು. ಆಯಿ ಕಲಿಸಿದ ಕ್ರಮದಲ್ಲಿ ಮೊದಲು ಭಾರ ಹಿಂಗಾಲಿಗೆ ತಗೊಂಡು, ಹಗುರಾದ ಪಾದ ತಿರುಗಿಸಿ, ಆಮೇಲೆ ಮುಂದೆ. ಅಜ್ಜನ ಕ್ರಮದಲ್ಲಿ ಹಿಂದೆ ಕೂರುವ ಹಾಗೇ ಇಲ್ಲ. ಭಾರ ಮುಂದೆ ಇರುವಾಗಲೇ ಸೊಂಟ ತಿರುಗಿ, ಪಾದ ಅದರ ಜೊತೆ ತಿರುಗಬೇಕು. ಹಿಂದೆ ಕೂತು ಮುಂದೆ ಬರುವುದು ದೋಣಿ ತೂಗಿದ ಹಾಗೆ, ಎದುರಿನವನು ಆ ಗಳಿಗೆಯಲ್ಲೇ ತಳ್ಳುತ್ತಾನೆ ಅನ್ನುವುದು ಅವರ ವಾದ. ವಾದ ಸರಿಯೇ. ಆದರೆ ಮೂರನೇ ತಿಂಗಳಿಗೆ ನನ್ನ ಎಡ ಮೊಣಕಾಲು ಊದಿತು. ಮೆಟ್ಟಿಲು ಇಳಿಯುವಾಗ ಚುಚ್ಚುತ್ತಿತ್ತು. ಅಜ್ಜ ಬಗ್ಗಿ ನನ್ನ ಮಂಡಿಚಿಪ್ಪಿನ ಮೇಲೆ ಅಂಗೈ ಇಟ್ಟು, ಮಾಡು ಅಂದರು. “ನೀನು ಮೊಣಕಾಲು ತಿರುಗಿಸ್ತಿದ್ದೀಯ. ತೊಡೆಯ ಬುಡದ ಕೀಲು ತಿರುಗಲಿ, ಮೊಣಕಾಲು ಬಾಗಿಲಿನ ಹಾಗೆ ಒಂದೇ ಕಡೆ ಮಡಚಲಿ.” ಅದು ಮೈಗೆ ಬರಲು ಆರು ತಿಂಗಳು ಬೇಕಾಯಿತು. ನೋವು ಹೋಯಿತು. ಇಂಥ ಗುರು ಪಕ್ಕದಲ್ಲಿಲ್ಲದೆ, ವಿಡಿಯೋ ನೋಡಿ ಈ ವರಸೆ ಕಲಿಯುವವರಿಗೆ ನಾನು ಹೇಳುವುದು ಇಷ್ಟೇ: ಬೇಡ, 24 ಮಾಡಿ.

ಅಜ್ಜನ ಒಂಟಿ ಚಾಟಿಗೆ ಉತ್ತರ ಇತ್ತು. ಕೊಕ್ಕೆಯ ಕೈ ಎದುರಿನವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಒಯ್ಯುವುದಕ್ಕೆ. ಎಡಗೈ ಎದೆಗೋ ಮುಖಕ್ಕೋ ಹೋಗುವುದಕ್ಕೆ. ನನ್ನ ಮಣಿಕಟ್ಟಿನ ಮೇಲೇ ತೋರಿಸಿದರು. ತಳ್ಳಿದರೆ? ಮುಂದಿನಿಂದ ಎಷ್ಟು ತಳ್ಳಿದರೂ ಅವರು ಅಲ್ಲಾಡಲಿಲ್ಲ. ಬೆನ್ನಿನ ಕಡೆಯಿಂದ, ಎರಡು ಪಾದದ ಗೆರೆಗೆ ಅಡ್ಡ ತಳ್ಳಿದಾಗ ಕಾಲು ಎತ್ತಿಡಬೇಕಾಯಿತು. “ಅದಕ್ಕೇ ಕಾಲಿರೋದು” ಅಂದರು. ಈ ಮನುಷ್ಯನ ಮೇಲೆ ನನಗೆ ನಂಬಿಕೆ ಬಂದದ್ದು ಫೋಟೋದಿಂದ ಅಲ್ಲ, ಈ ಮಾತಿನಿಂದ.

ಇನ್ನೊಂದು ಯಾಂಗ್ ಕವಲನ್ನೂ ಆರು ವಾರ ನೋಡಿದೆ. ಝೆಂಗ್ ಮಾನ್‌ಚಿಂಗ್ ಅವರ 37 ಭಂಗಿಗಳದ್ದು. ಯಾಂಗ್ ಚೆಂಗ್‌ಫು ಅವರ 1934ರ ಪುಸ್ತಕದ ಕೆಲಸದಲ್ಲಿ ಜೊತೆಗಿದ್ದವರೇ ಇವರು. ಆಮೇಲೆ ತೈವಾನಿಗೆ ಹೋಗಿ, 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕಲಿಸಿದರು. ಅವರ ಒಂಟಿ ಚಾಟಿಯಲ್ಲಿ ಎಡ ಮಣಿಕಟ್ಟು ಮಡಚುವುದಿಲ್ಲ, ಎಡಗೈ ನೆಟ್ಟಗೆ ಸಡಿಲವಾಗಿ ಇರುತ್ತದೆ. ಅದಕ್ಕೆ ‘ಚೆಲುವೆಯ ಕೈ’ ಅಂತ ಹೆಸರು. ಅಜ್ಜನ ಹತ್ತಿರ ಹೇಳಿದೆ. ಮುಖ ಸಿಂಡರಿಸಿದರು. ಗುರುವಿನ ಜೊತೆ ಕೂತು ಪುಸ್ತಕ ಮಾಡಿದವರೇ ಮಣಿಕಟ್ಟು ಬದಲಾಯಿಸಿದ್ದಾರೆ ಅಂದಮೇಲೆ ಜೆರಾಕ್ಸಿನ ಬೆಲೆ ಎಷ್ಟು ಅಂತ ನಾನೂ ಕೇಳಲಿಲ್ಲ.

ನಕಲಿ ಅಂತ ನಾನು ಯಾವ ಅನುಮಾನವೂ ಇಲ್ಲದೆ ಕರೆಯುವುದು ಒಂದನ್ನೇ. ಪಾರ್ಕಿನ ಇನ್ನೊಂದು ಮೂಲೆಯಲ್ಲಿ ಒಬ್ಬರಿದ್ದರು. ಅರಮನೆಯಲ್ಲಿ ಮಾತ್ರ ಕಲಿಸಿದ ಗುಟ್ಟಿನ ವರಸೆ ತಮ್ಮ ಹತ್ತಿರ ಇದೆ, ಬೇರೆಯವರದ್ದೆಲ್ಲ ಹೊರಗಿನವರಿಗೆ ಕೊಟ್ಟ ಚಿಪ್ಪು ಅನ್ನುತ್ತಿದ್ದರು. ಫೀಸು ಅಜ್ಜನಿಗಿಂತ ಹತ್ತು ಪಟ್ಟು. ಅಜ್ಜ ತಗೊಳ್ಳುತ್ತಿದ್ದುದು ವಾರಕ್ಕೊಂದು ಡಬ್ಬಿ ಚಹಾ, ಅದಿರಲಿ. ನನ್ನ ಎರಡನೇ ಪ್ರಶ್ನೆ ಕೇಳಿದಾಗ, ಮೂರು ವರ್ಷ ಕಲಿತ ಮೇಲೆ ಮಾತ್ರ ಶಿಷ್ಯರು ಮುಟ್ಟಬಹುದು ಅಂದರು. ಎರಡು ಕ್ಲಾಸಿಗೆ ಕೊಟ್ಟ ದುಡ್ಡು ಹೋಯಿತು.

ಒಂದು ಸಣ್ಣ ಅಡ್ಡದಾರಿ. ಯಾಂಗ್ ವರಸೆಯಲ್ಲಿ ‘ಲಾನ್ ಚ್ಯುವೆ ವೇ’ ಅಂತ ಇದೆ, ಆಗಲೇ ಹೇಳಿದ ಗುಬ್ಬಿಯ ಬಾಲ. ಚೆನ್ ವರಸೆಯಲ್ಲಿ ಅದೇ ಜಾಗದಲ್ಲಿ ಬರುವುದು ‘ಲಾನ್ ಝಾ ಯಿ’. ಅಂದರೆ ಸೋಮಾರಿಯ ಹಾಗೆ ಅಂಗಿ ಸಿಕ್ಕಿಸಿಕೊಳ್ಳುವುದು. ಈ ಎರಡನೇ ಹೆಸರು 16ನೇ ಶತಮಾನದ ಸೇನಾಪತಿ ಚಿ ಜಿಗುವಾಂಗ್ ಬರೆದ ಕೈಕಾಳಗದ ಅಧ್ಯಾಯದಲ್ಲೇ ಇದೆ, ಅಲ್ಲಿನ 32 ಭಂಗಿಗಳಲ್ಲಿ ಮೊದಲನೆಯದಾಗಿ. ನಿಲುವಂಗಿಯ ಚುಂಗು ಸೊಂಟಕ್ಕೆ ಸಿಕ್ಕಿಸಿ ಹೊಡೆದಾಟಕ್ಕೆ ನಿಂತ ಆಳು, ಪಂಚೆ ಎತ್ತಿ ಕಟ್ಟಿದ ನಮ್ಮವರ ಹಾಗೆ. ಬಾಯಿಂದ ಬಾಯಿಗೆ ಹೋಗುವಾಗ ಅಂಗಿ ಗುಬ್ಬಿಯಾಯಿತು ಅನ್ನುವುದು ಹಲವರ ಊಹೆ. ನಂಬಬಹುದಾದ ಊಹೆ. ಈಗ ಗುಬ್ಬಿಯ ಬಾಲ ಹಿಡಿಯುವುದಕ್ಕೂ ಒಂದು ಅರ್ಥ ಹುಟ್ಟಿದೆ. ಗುಬ್ಬಿಯನ್ನು ನೋಯಿಸದ ಹಾಗೆ ಹಿಡಿ, ಬಿಡಬೇಡ, ಹಿಸುಕಲೂಬೇಡ. ಕಿವಿ ತಪ್ಪಿ ಕೇಳಿದ ಹೆಸರಿನಿಂದ ಎಂಥ ಒಳ್ಳೇ ಪಾಠ ಬಂತು ನೋಡಿ. ನಮ್ಮೂರ ಬಡಗುತಿಟ್ಟಿನ ಆಟದಲ್ಲೂ ಹೀಗೇ. ಒಬ್ಬ ಹಳೇ ಕಲಾವಿದರ ಕಾಲು ನೋವಿನಿಂದ ಬಂದ ಒಂದು ಹೆಜ್ಜೆಯನ್ನು ಶಿಷ್ಯರು ಮನೆತನದ ಹೆಜ್ಜೆ ಅಂತ ಕುಣಿಯುತ್ತಾರೆ ಅಂತ ನಮ್ಮ ಅಜ್ಜ ನಗುತ್ತಿದ್ದರು.

ಎರಡು ವರ್ಷ ಕಳೆದ ಮೇಲೆ ‘ಮೂಲ’ ನೋಡುವ ಹುಚ್ಚು ಹಿಡಿಯಿತು. ರಜೆ ಹಾಕಿ ಶಾಂಘೈನಿಂದ ಝೆಂಗ್‌ಝೋವಿಗೆ ವೇಗದ ರೈಲಿನಲ್ಲಿ ಹೋಗಿ, ಅಲ್ಲಿಂದ ಹಳದಿ ನದಿ ದಾಟಿ ವೆನ್ ಕೌಂಟಿಯ ಚೆನ್‌ಜಿಯಾಗೋವ್ ಸೇರಿದೆ, ಯಾಂಗ್ ಲುಚಾನ್ ಕಲಿತ ಚೆನ್ ಮನೆತನದ ಹಳ್ಳಿ. ಗೋಧಿ ಹೊಲ, ಉದ್ದನೆಯ ಗೆಣಸಿನ ಸಾರು, ಬೀದಿಗೆ ನಾಲ್ಕು ತೈಚಿ ಶಾಲೆ. 17ನೇ ಶತಮಾನದ ಚೆನ್ ವಾಂಗ್‌ಟಿಂಗ್ ತೈಚಿಯನ್ನು ಶುರು ಮಾಡಿದರು ಅಂತ 1930ರ ದಶಕದಲ್ಲಿ ಇತಿಹಾಸಕಾರ ತಾಂಗ್ ಹಾವೊ ಇಲ್ಲಿಗೆ ಬಂದು ಹುಡುಕಿ ಬರೆದರು. ಅದಕ್ಕೆ ಮೊದಲು ವುದಾಂಗ್ ಬೆಟ್ಟದ ಝಾಂಗ್ ಸಾನ್‌ಫೆಂಗ್ ಎಂಬ ಸನ್ಯಾಸಿಯ ಕಥೆಯೇ ಜೋರಾಗಿತ್ತು. ಈಗಲೂ ಆ ಕಥೆ ಬಿಡದವರಿದ್ದಾರೆ. ಅಷ್ಟೇ ಅಲ್ಲ, ಅದೇ ವೆನ್ ಕೌಂಟಿಯಲ್ಲಿ ಹತ್ತಿರವೇ ಇರುವ ಝಾವೊಬಾವೊ ಎಂಬ ಊರಿನವರು ತಮ್ಮ ತೈಚಿಗೆ ಬೇರೆಯೇ ಗುರುಪರಂಪರೆ ಹೇಳುತ್ತಾರೆ.

ಮೊದಲ ದಿನವೇ ಒಂದು ಅವಾಂತರ. ಊರಿನ ಮುಖ್ಯ ವರಸೆಗೆ ‘ಲಾವೊಜಿಯಾ’ ಅಂತ ಹೆಸರು, ಹಳೆಯ ಚೌಕಟ್ಟು. ಚೌಕಟ್ಟು ಅನ್ನುವ ‘ಜಿಯಾ’ಕ್ಕೂ ನಕಲಿ ಅನ್ನುವ ‘ಜಿಯಾ’ಕ್ಕೂ ದನಿಯ ಏರಿಳಿತ ಮಾತ್ರ ವ್ಯತ್ಯಾಸ. ಶಾಲೆಯ ಕೌಂಟರಿನಲ್ಲಿ ನಿಂತು, ನನಗೆ ‘ಹಳೇ ನಕಲಿ’ ಕಲಿಯಬೇಕು ಅಂದೆ. ಕೌಂಟರಿನ ಹುಡುಗಿ ನಗು ತಡೆದುಕೊಂಡು ರಸೀದಿ ಬರೆದಳು.

ಆ ರಸೀದಿಯ ಹದಿನೈದು ದಿನ ದಂಡ ಅನ್ನಬಹುದು. ಬ್ಯಾನರಿನಲ್ಲಿದ್ದ ದೊಡ್ಡ ಗುರುಗಳ ದರ್ಶನ ಫೋಟೋ ತೆಗೆಸಿಕೊಳ್ಳುವ ದಿನ ಮಾತ್ರ. ಮಿಕ್ಕ ದಿನ ಹದಿನೆಂಟರ ಹುಡುಗ, ಒಂದು ಕೈಯಲ್ಲಿ ಫೋನ್ ಹಿಡಿದು ಎಣಿಸುತ್ತಿದ್ದ. ಕೊನೆಗೆ ಕೆಂಪು ಮುದ್ರೆಯ ಸರ್ಟಿಫಿಕೇಟು. ಮೂಲದ ಹಳ್ಳಿ, ಮೂಲದ ಮನೆತನ, ಮೂಲದ ವರಸೆ. ನನ್ನ ಒಂಟಿ ಚಾಟಿ ಮಾತ್ರ ಹೋದ ಹಾಗೇ ಇತ್ತು. ಅಸಲಿಗೆ ಕುಲಗೋತ್ರ ಸಾಕಾಗಿದ್ದರೆ ಆ ಹದಿನೈದು ದಿನ ನನ್ನ ಬದುಕಿನ ಅತ್ಯುತ್ತಮ ಪಾಠ ಆಗಬೇಕಿತ್ತು.

ನನ್ನ ಅದೃಷ್ಟ, ನಾನು ಉಳಿದಿದ್ದ ಮನೆಯ ಎದುರಿನ ಅಂಗಳದಲ್ಲಿ ಒಬ್ಬರು ಸಂಜೆ ಐದಾರು ಜನರಿಗೆ ಕಲಿಸುತ್ತಿದ್ದರು. ಹಗಲು ಹೊಲದ ಕೆಲಸ. ಬೋರ್ಡಿಲ್ಲ. ಅವರನ್ನು ಎಲ್ಲರ ಹಾಗೆ ನಾನೂ ‘ಲಾವೊಶಿ’ ಅಂದೆ, ಮೇಷ್ಟ್ರು. ಆ ಶಾಲೆ ಕಲಿಸಿದ ವರಸೆಯನ್ನೇ ಇವರೂ ಕಲಿಸುತ್ತಿದ್ದರು. ಹೆಜ್ಜೆಗೆ ಹೆಜ್ಜೆ ಅದೇ. ಆದರೆ ನನ್ನ ಒಂಟಿ ಚಾಟಿ ನೋಡಿ, “ಇದು ಚಾಟಿ ಅಲ್ಲ, ಬಟ್ಟೆ ಒಣಗಿಸೋ ಹಗ್ಗ” ಅಂದರು. ಆಮೇಲೆ ರಜೆ ಸಿಕ್ಕಾಗಲೆಲ್ಲ ಅವರ ಅಂಗಳಕ್ಕೇ ಹೋದೆ, ಒಟ್ಟು ಐದು ಸಲ.

ಲಾವೊಜಿಯಾದ ಒಂಟಿ ಚಾಟಿ ಬೇರೆಯೇ ಪ್ರಾಣಿ. ಎಡ ಹಿಮ್ಮಡಿಯ ಒಳಅಂಚು ನೆಲಕ್ಕೆ ತಾಗಿಸಿ ಉಜ್ಜುತ್ತ ಕಾಲು ದೂರಕ್ಕೆ ಜಾರಬೇಕು. ಮುಂಡ ಎಡಗೈಯ ಕಡೆ ಯಾಂಗ್‌ನಷ್ಟು ತಿರುಗುವುದಿಲ್ಲ, ಎದುರಿಗೇ ತೆರೆದುಕೊಂಡಿರುತ್ತದೆ. ಇಡೀ ಮೈ ಒಳಗೊಳಗೇ ತಿರುಚಿ ಬಿಚ್ಚಿಕೊಳ್ಳಬೇಕು. ಒದ್ದೆ ಪಂಚೆ ಹಿಂಡಿ ಕೊಡವಿದ ಹಾಗೆ. ಇದಕ್ಕೆ ಅವರ ಮಾತು ‘ಚಾನ್‌ಸಿ’, ರೇಷ್ಮೆ ನೂಲು ತೆಗೆಯುವುದು. ಕೈ ಯಾಕಿದೆ ಅಂತ ಕೇಳಿದಾಗ ಮೇಷ್ಟ್ರು ಉತ್ತರ ಹೇಳಲಿಲ್ಲ. ನನ್ನ ಬಲ ಮಣಿಕಟ್ಟು ಹಿಡಿ ಅಂದರು. ಹಿಡಿದೆ. ಕೊಕ್ಕೆಯ ಕೈ ಒಂದು ಸುತ್ತು ತಿರುಗಿತು, ನನ್ನ ಮೊಣಕೈ ಮೇಲೆದ್ದಿತು, ಅವರ ಎಡ ಹೆಗಲು ನನ್ನ ಕಂಕುಳ ಕೆಳಗೆ ಬಂತು. ನಾನು ಅಂಗಳದ ಮಣ್ಣಿನಲ್ಲಿ ಕೂತಿದ್ದೆ. ಎಡಗೈ ಇನ್ನೂ ಬಳಕೆಗೇ ಬಂದಿರಲಿಲ್ಲ. ಎಲ್ಲಿ ತಳ್ಳಬೇಕು ಅನ್ನುವುದೇ ನನಗೆ ಗೊತ್ತಾಗಲಿಲ್ಲ. ಮುಟ್ಟಿದ ಜಾಗವೆಲ್ಲ ಅಲ್ಲಿಂದ ಜಾರಿಕೊಳ್ಳುತ್ತಿತ್ತು.

ಈ ವರಸೆಯಲ್ಲಿ ನನಗೆ ಅತಿ ಇಷ್ಟವಾದದ್ದು ಶುರುವಿನಲ್ಲೇ ಬರುವ ‘ಜಿಂಗಾಂಗ್ ದಾವೊ ದುಯಿ’. ಜಿಂಗಾಂಗ್ ಅಂದರೆ ನಮ್ಮ ವಜ್ರ. ಬೌದ್ಧ ಗ್ರಂಥಗಳ ಜೊತೆ ಹೋದ ಸಂಸ್ಕೃತ ಪದದ ಚೀನೀ ರೂಪ. ಇಲ್ಲಿ ಅದು ವಜ್ರ ಹಿಡಿದ ದ್ವಾರಪಾಲಕ. ದಾವೊ ದುಯಿ ಅಂದರೆ ಒರಳು ಕುಟ್ಟುವುದು. ದ್ವಾರಪಾಲಕ ಒರಳಲ್ಲಿ ಕುಟ್ಟುವುದು! ಬಲ ಮುಷ್ಟಿ ಎಡ ಅಂಗೈಗೆ ಬೀಳುವಾಗಲೇ ಬಲಪಾದ ಧಡ್ ಅಂತ ನೆಲಕ್ಕೆ ಬೀಳಬೇಕು. ಅಕ್ಕಿ ಕುಟ್ಟುವ ಮನೆಯಲ್ಲಿ ಬೆಳೆದವರಿಗೆ ಒನಕೆಯ ಭಾರ ಹೇಗೆ ಬೀಳುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ. ಎತ್ತುವುದು ನಾವು, ಬೀಳುವುದು ಅದೇ.

ಹಾಗಾದರೆ ಇದೇ ಅಸಲಿಯಾ? ಹಳ್ಳಿಯೊಳಗೇ ಅದಕ್ಕೂ ತಕರಾರು. 1928ರಲ್ಲಿ, ಯಾಂಗ್ ಚೆಂಗ್‌ಫು ಶಾಂಘೈಗೆ ಬಂದ ವರ್ಷವೇ, ಚೆನ್ ಫಾಕೆ (1887–1957) ಹಳ್ಳಿ ಬಿಟ್ಟು ಬೀಜಿಂಗಿಗೆ ಹೋದರು. ಕಡೆಯವರೆಗೂ ಅಲ್ಲೇ ಕಲಿಸಿದರು. ಇತ್ತ ಅವರಿಗೆ ವರಸೆಯಲ್ಲಿ ಮಗನಾಗಬೇಕಾದ ಚೆನ್ ಝಾವೊಪಿ 1958ರಲ್ಲಿ ಹಳ್ಳಿಗೆ ವಾಪಸ್ ಬಂದು ತಮಗೆ ಗೊತ್ತಿದ್ದ ಲಾವೊಜಿಯಾ ಕಲಿಸಿದರು. ಅವರು 1972ರಲ್ಲಿ ತೀರಿಕೊಂಡರು. ಆಮೇಲೆ ಚೆನ್ ಫಾಕೆಯ ಮಗ ಚೆನ್ ಝಾವೊಕುಯಿ ಬೀಜಿಂಗಿನಿಂದ ಬಂದು ಅಪ್ಪನ ವರಸೆ ತೋರಿಸಿದರು. ಸುತ್ತು ಜಾಸ್ತಿ, ಎದೆ-ಸೊಂಟದ ಮಡಿಕೆ ಜಾಸ್ತಿ, ಹಿಡಿದು ತಿರುಚುವುದು ಎದ್ದು ಕಾಣುತ್ತದೆ. ಹಳ್ಳಿಯವರಿಗೆ ಹೊಸದಾಗಿ ಕಂಡಿತು. ಅದಕ್ಕೆ ‘ಶಿನ್‌ಜಿಯಾ’, ಹೊಸ ಚೌಕಟ್ಟು ಅಂತ ಹೆಸರಾಯಿತು. ಅಂದರೆ ಚಿಕ್ಕಪ್ಪನದ್ದು ಹೊಸದು, ಮಗನ ವರಸೆಯವರದ್ದು ಹಳೆಯದು. ಈಗ ಅಸಲಿ ಅಂತ ಯಾರದ್ದಕ್ಕೆ ಅನ್ನುತ್ತೀರಿ? ಮೇಷ್ಟ್ರಿಗೆ ಕೇಳಿದೆ. ಅವರು ಎರಡೂ ಮಾಡುತ್ತಿದ್ದರು. “ಹಳೆಯದು ಅನ್ನ, ಹೊಸದು ಪಲ್ಯ” ಅನ್ನುವ ಅರ್ಥದ ಮಾತು ಹೇಳಿದರು. ನನಗೆ ಶಿನ್‌ಜಿಯಾ ಕಲಿಸಲು ಒಪ್ಪಲಿಲ್ಲ. ಅನ್ನ ಇನ್ನೂ ಬೆಂದಿಲ್ಲವಂತೆ.

ಮೂರನ್ನೂ ಮಾಡಿದ ಮೇಲೆ ನನ್ನ ಲೆಕ್ಕ ಹೀಗಿದೆ. ಬೇಗ ಕಲಿತು ದಿನಾ ಮಾಡಬೇಕು, ಹೆಗಲು-ಬೆನ್ನು ಸಡಿಲವಾಗಬೇಕು ಅನ್ನುವವರಿಗೆ 24. ಎರಡು ವಾರ ಬಿಟ್ಟರೂ ಮರೆಯದ್ದು ಇದೊಂದೇ. ಮನಸ್ಸು ನಿಧಾನವಾಗಬೇಕು ಅನ್ನುವವರಿಗೆ ಯಾಂಗ್ ಉದ್ದನೆಯದು. ಅದರಲ್ಲಿ ಹತ್ತನೇ ನಿಮಿಷ ದಾಟಿದ ಮೇಲೆ ಸಿಗುವ ಶಾಂತಿ ಐದು ನಿಮಿಷದ 24ರಲ್ಲಿ ಸಿಗುವುದಿಲ್ಲ. ಬೇಕಾದರೆ 24ನ್ನೇ ನಾಲ್ಕು ಸಲ ಮಾಡಿ ನೋಡಿ, ಅದು ಬೇರೆಯೇ. ಬಲ ಎಲ್ಲಿಂದ ಹುಟ್ಟಿ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯುವ ಆಸೆ ಇದ್ದವರಿಗೆ ಲಾವೊಜಿಯಾ. ಆದರೆ ತೊಡೆ ನಡುಗುತ್ತದೆ, ತಗ್ಗಿ ನಿಲ್ಲುವ ಹಟಕ್ಕೆ ಮೊಣಕಾಲು ಬಲಿಯಾಗಬಹುದು. ನಲವತ್ತು ದಾಟಿದವರು ಎತ್ತರದಲ್ಲೇ ನಿಂತು ಕಲಿಯಿರಿ. ನನಗೆ ಒಂದೇ ಇಟ್ಟುಕೋ ಅಂದರೆ ಲಾವೊಜಿಯಾ ಇಟ್ಟುಕೊಳ್ಳುತ್ತೇನೆ, ಆದರೆ ಆ ಅಂಗಳದ ಮೇಷ್ಟ್ರದ್ದು. ರಸೀದಿ ಕೊಟ್ಟ ಶಾಲೆಯದ್ದಾದರೆ ಆಯಿಯ 24ಕ್ಕೇ ವಾಪಸ್.

ಆಯಿಯ ಗುಟ್ಟು ಗೊತ್ತಾದದ್ದು ನಾನು ಶಾಂಘೈ ಬಿಡುವ ವಾರ. ಬೀಳ್ಕೊಳ್ಳಲು ಪಾರ್ಕಿಗೆ ಹೋದಾಗ ಮಳೆ. ಗುಂಪು ಬಂದಿರಲಿಲ್ಲ. ಚಪ್ಪರದ ಕೆಳಗೆ ಆಯಿ ಒಬ್ಬರೇ ಯಾಂಗ್ ಉದ್ದನೆಯ ವರಸೆ ಮಾಡುತ್ತಿದ್ದರು. ಸ್ಪೀಕರ್ ಇಲ್ಲ, ಹಾಡಿಲ್ಲ. ಅಜ್ಜ ಪಕ್ಕದಲ್ಲಿ ಕೂತು ನೋಡುತ್ತಿದ್ದರು, ತಪ್ಪು ಹೇಳದೆ. ಮಿಲ್ಲಿನ ಕೆಲಸಕ್ಕೆ ಸೇರಿದ ವಯಸ್ಸಿನಲ್ಲೇ ಇಬ್ಬರೂ ಒಂದೇ ಗುರುವಿನ ಹತ್ತಿರ ಕಲಿತವರಂತೆ. “ಮತ್ತೆ 24 ಯಾಕೆ ಕಲಿಸ್ತೀರಿ?” ಅಂದೆ. “ಏಳಕ್ಕೆ ತರಕಾರಿ ಮಾರ್ಕೆಟ್ ಇರುತ್ತಲ್ಲ, ಯಾರು ಇಪ್ಪತ್ತೈದು ನಿಮಿಷ ನಿಲ್ತಾರೆ?” ಅಂದರು.

ಈಗ ಬೆಂಗಳೂರಿನಲ್ಲಿ ಮೂರನೇ ಮಹಡಿಯ ಬಾಲ್ಕನಿ ಪಕ್ಕದ ಹಾಲಿನಲ್ಲಿ ಬೆಳಿಗ್ಗೆ ಐದೂಮುಕ್ಕಾಲಕ್ಕೆ ಲಾವೊಜಿಯಾ ಮಾಡುತ್ತೇನೆ. ಮೊದಲ ವಾರವೇ ಕೆಳಗಿನ ಮನೆಯವರು ಮೇಲೆ ಬಂದು, “ಸಾರ್, ಬೆಳಗಾಗೋದ್ರೊಳಗೆ ಏನು ಕುಟ್ತೀರಾ?” ಅಂತ ಕೇಳಿದರು. ಅವರ ಮನೆಯಲ್ಲಿ ಹಸುಗೂಸು. ಅವತ್ತಿನಿಂದ ವಜ್ರದ ದ್ವಾರಪಾಲಕನ ಪಾದವನ್ನು ಸದ್ದಾಗದ ಹಾಗೆ ಮೆತ್ತಗೆ ಇಳಿಸುತ್ತೇನೆ. ಹೋದ ಜೂನಿನಿಂದ ಅಣ್ಣನ ಮಗ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದಾನೆ. ಪಾದ ಇಳಿಸುವುದು ನನಗಿಂತ ಅವನಿಗೇ ಚೆನ್ನಾಗಿ ಬರುತ್ತದೆ. ಅಲ್ಲಿ ಒಂದು ಸದ್ದು ಇರಬೇಕಿತ್ತು ಅಂತ ಅವನಿಗೆ ನಾನು ಇನ್ನೂ ಹೇಳಿಲ್ಲ.